ಬ್ರೇಕಿಗೆ ಹಚ್ಚಿದ ಔಡಲೆಣ್ಣೆ

ಬ್ರೇಕ್ ಕೆಟ್ಟಿರಲಿಲ್ಲ. ನಮ್ಮ ಮಾವ ಅದಕ್ಕೆ ಎಣ್ಣೆ ಹಚ್ಚಿದ್ದರು. ನಡೆದದ್ದು ಇಷ್ಟೇ. ಊರವರು ದೃಷ್ಟಿ ಎಂದರು, ಗ್ರಹಚಾರ ಎಂದರು, ಹಳ್ಳದ ದಂಡೆಯ ಹುಣಸೆಮರದ ಮೇಲೂ ಒಂದಿಷ್ಟು ಹೊರಿಸಿದರು. ಹುಣಸೆಮರಕ್ಕೆ ಮೋಟಾರಿನ ಮೇಲೆ ಏನು ಸಿಟ್ಟಿರುತ್ತದೆ, ಹೇಳಿ?

ನಾನು ಓದಿದ್ದು ಎರಡನೇ ಇಯತ್ತೆ. ಮೋಟಾರಿನ ಬಗ್ಗೆ ಬರೆಯಲು ಇವಳಿಗೇನು ಗೊತ್ತು ಎನ್ನುವವರು ಇರಬಹುದು. ಆದರೆ ಬ್ರೇಕಿನ ಪಟ್ಟಿಯನ್ನು ರೊಟ್ಟಿಯ ಹಂಚಿನ ಮೇಲೆ ಹುರಿದವಳು ಆಳಂದ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನು ಗೊಬ್ಬೂರಿನ ಮಗಳು, ನರೋಣಾದ ಸೊಸೆ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತಿದು. ತೊಗರಿ ವ್ಯಾಪಾರ ಮಾಡುತ್ತಿದ್ದ ನನ್ನ ಗಂಡ, ಆಳಂದದ ವಕೀಲರೊಬ್ಬರು ಸಾಕಾಗಿ ಬಿಟ್ಟಿದ್ದ ಹಳೆಯ ಮೋಟಾರೊಂದನ್ನು ಮನೆಗೆ ತಂದಿದ್ದರು. ಅದರ ಹಿಂದಿನ ಕಮಾನು ಮುರಿದಿತ್ತು. ಕಮಾನು ಎಂದರೆ ಬಾಗಿಲ ಮೇಲಿನದಲ್ಲ. ಮೋಟಾರಿನ ಹೊಟ್ಟೆಯ ಕೆಳಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನ ಹಾಗೆ ಬಾಗಿಸಿರುತ್ತಾರಲ್ಲ, ಅದು. ರಸ್ತೆ ಕೊಟ್ಟ ಪೆಟ್ಟನ್ನು ತಾನು ತಿಂದು, ಮೇಲೆ ಕೂತವರಿಗೆ ಸ್ವಲ್ಪ ಮಾತ್ರ ದಾಟಿಸುತ್ತದೆ. ಕೂಡಿದ ಮನೆಗಳಲ್ಲೂ ಇಂಥವರೊಬ್ಬರು ಇರುತ್ತಾರೆ. ನಮ್ಮ ಮನೆಯಲ್ಲಿ ಅದು ಅತ್ತೆ ಆಗಿರಲಿಲ್ಲ ಎಂದಷ್ಟು ಹೇಳಿ ಮುಂದೆ ಹೋಗುತ್ತೇನೆ.

ಕಮಾನು ಬದಲಿಸುವ ಮಾತು ಎದ್ದದ್ದು ನನ್ನ ಬಸಿರಿನಿಂದ. ಬಾಣಂತನಕ್ಕೆ ನಾನು ತವರಿಗೆ ಹೋಗಬೇಕಿತ್ತು. ಎಂಟನೇ ತಿಂಗಳು ಹಿಡಿದರೆ ಬಸುರಿಯನ್ನು ದಾರಿಗೆ ಇಳಿಸಬಾರದೆಂಬ ಕಟ್ಟಳೆ, ಮತ್ತು ಏಳು ಮುಗಿಯುತ್ತ ಬಂದಿತ್ತು. ಹಿಂದಿನ ಸಲ ಮಾವನೇ ಚಕ್ಕಡಿ ಹೂಡಿಕೊಂಡು ನನ್ನನ್ನು ಹೊರಡಿಸಿದ್ದರು. ದಾರಿಯಲ್ಲೇ ನೋವು ಬಂತು, ಕೂಸು ಉಳಿಯಲಿಲ್ಲ. ಚಕ್ಕಡಿಯ ಕುಲುಕಾಟವೇ ಕೂಸನ್ನು ತಿಂದಿತೆಂದು ಮಾವ ನಂಬಿದರು. ಅಂದಿನಿಂದ ಅವರು ಆ ಚಕ್ಕಡಿಯಲ್ಲಿ ಹೆಣ್ಣುಮಕ್ಕಳನ್ನು ಕೂರಿಸಲಿಲ್ಲ, ತೊಗರಿಯ ಚೀಲ ಮಾತ್ರ ಹೇರುತ್ತಿದ್ದರು.

ಆದ್ದರಿಂದ ಈ ಸಲ ಮೋಟಾರು. ನನ್ನ ಗಂಡ ಹೈದರಾಬಾದಿನಿಂದ ಹೊಸ ಕಮಾನು, ಬ್ರೇಕಿನ ಹೊಸ ಪಟ್ಟಿ ತರಿಸಿದರು. ಕಲಬುರ್ಗಿಯಲ್ಲಿ ಒಬ್ಬ ರಿಪೇರಿ ಮಾಡುವಾಗ ನಿಂತು ನೋಡಿದ್ದಷ್ಟೇ ಅವರ ವಿದ್ಯೆ. ಅಂಗಳದ ಬೇವಿನ ಕೆಳಗೆ ಮೋಟಾರಿನ ಹಿಂಭಾಗವನ್ನು ಹಾರೆ ಕೊಟ್ಟು ಎತ್ತಿ, ಕಲ್ಲಿನ ಮೇಲೆ ಕೂರಿಸಿ, ಗಾಲಿ ಕಳಚಿದರು. ಅತ್ತೆ ಹೊಸ್ತಿಲಲ್ಲಿ ಕೂತು ಪಹರೆ ನಡೆಸಿದರು.

“ಏನೋ, ಬಿಚ್ಚಿದ್ದು ಬುಟ್ಟಿ ತುಂಬ ಅದ, ಹಾಕಿದ್ದು ಬೊಗಸಿ ತುಂಬ. ಉಳಿದದ್ದು ಏನ್ ಮಾಡ್ತಿ?”

“ಅವು ಹಳೇವು ಬೇ ಯವ್ವಾ, ಒಗಿಯಾವು.”

“ಹಳೇದಂತ ಒಗಿತಿ? ಮತ್ತ ನನ್ನ ಯಾವಾಗ ಒಗಿತಿ, ಅದನ್ನೂ ಹೇಳಿಬಿಡು!”

ಇಲ್ಲಿ ಮಾವನ ಎಣ್ಣೆಯ ವಿಷಯ ಹೇಳಬೇಕು. ಅವರು ಬಾಯಿ ಬಿಟ್ಟು ಅಕ್ಕರೆ ತೋರಿಸಿದವರಲ್ಲ. ಅವರ ಅಕ್ಕರೆಯೆಲ್ಲ ಔಡಲೆಣ್ಣೆಯಲ್ಲಿತ್ತು. ಎತ್ತಿನ ಕೊಂಬಿಗೆ, ಬಾಗಿಲ ತಿರುಗಣಿಗೆ, ಹೊಸ ಚಪ್ಪಲಿಗೆ, ಮೊಮ್ಮಕ್ಕಳ ನೆತ್ತಿಗೆ, ಯಾರೂ ಇಲ್ಲದಾಗ ಅತ್ತೆಯ ಮೊಣಕಾಲಿಗೆ, ಎಲ್ಲಕ್ಕೂ ಅದೇ. ಚಕ್ಕಡಿಯ ಅಚ್ಚಿಗಂತೂ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ಸದಾ ತಯಾರು. ಎಣ್ಣೆಯಿಲ್ಲದ ಗಾಲಿ ಕಿರುಗುಟ್ಟಿದರೆ ಆ ಮನೆಯ ಗಂಡಸಿನ ಮಾನ ಹೋಯಿತೆಂದೇ ಲೆಕ್ಕ.

ಮಗ ಊಟಕ್ಕೆ ಒಳಗೆ ಹೋದಾಗ ಅವರು ಬೇವಿನ ಕೆಳಗೆ ಬಂದು ನೋಡಿದರು. ಗಾಲಿಯ ಒಳಗಿನ ಡಬ್ಬಿ ತೆರೆದಿತ್ತು. ಅದರೊಳಗೆ ಬ್ರೇಕಿನ ಹೊಸ ಪಟ್ಟಿ ಒಣಗಿದ ಹಾಗಿತ್ತು. ಮಗ ಮರೆತಿದ್ದಾನೆಂದುಕೊಂಡು ಗೊಟ್ಟ ತಂದು, ಬೆರಳಿನಿಂದ ಮೆಲ್ಲಗೆ, ಒಂದು ಮೂಲೆಯೂ ಬಿಡದ ಹಾಗೆ ಸವರಿದರು. ಇದು ನಮಗೆ ಆಮೇಲೆ ತಿಳಿದದ್ದು. ನನ್ನ ಗಂಡ ಊಟ ಮುಗಿಸಿ ಬಂದವರು ಅದನ್ನು ನೋಡದೆ ಗಾಲಿ ಕೂಡಿಸಿ, ಪರೀಕ್ಷೆಗೆಂದು ಒಬ್ಬರೇ ಹಳ್ಳದ ಕಡೆ ಹೊರಟರು.

ಹಳ್ಳದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಮೋಟಾರು ಕೇಳಲೇ ಇಲ್ಲ. ಸೀದಾ ಇಳಿದು ಉಸುಕಿನಲ್ಲಿ ಮೂಗು ಹುಗಿದು ನಿಂತಿತು. ಗಂಡನಿಗೆ ಗದ್ದ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮಾವನ ಎತ್ತುಗಳೇ ಅದನ್ನು ಮನೆಗೆ ಎಳೆದು ತಂದವು. ಅಷ್ಟು ಗರ್ವದಿಂದ ಎತ್ತುಗಳು ನಡೆದದ್ದನ್ನು ನಾನು ಮುಂದೆಂದೂ ನೋಡಲಿಲ್ಲ.

“ಈ ದೆವ್ವದಾಗ ನನ್ನ ಸೊಸಿ ಕುಂದ್ರಂಗಿಲ್ಲ,” ಎಂದರು ಅತ್ತೆ. “ಚಕ್ಕಡಿ ಬ್ಯಾಡ, ಮೋಟಾರ ಬ್ಯಾಡ. ಇಲ್ಲೇ ಹಡೀಲಿ.”

ಮರುದಿನ ತಪ್ಪಿದರೆ ಎಂಟನೇ ತಿಂಗಳು ಹಿಡಿಯುತ್ತಿತ್ತು. ನರೋಣಾದಲ್ಲೂ ಸೂಲಗಿತ್ತಿಯರಿದ್ದರು, ಅವರನ್ನು ಹಳಿಯುವುದಿಲ್ಲ. ಆದರೆ ನನಗೆ ನಮ್ಮವ್ವ ಬೇಕಿತ್ತು. ಇದಕ್ಕೆ ಬೇರೆ ಕಾರಣ ಕೇಳಬೇಡಿ.

ಗಂಡ ಗಾಲಿ ಕಳಚಿ ಮೂಸಿ ನೋಡಿದರು.

“ಯಪ್ಪಾ, ಇದಕ್ಕ ಎಣ್ಣಿ ಯಾರು ಹಚ್ಯಾರ?”

“ನಾನೇ ಹಚ್ಚೀನಿ. ಒಣಾ ಒಣಾ ಇತ್ತಲ್ಲೋ. ಗಾಲಿ ಹಗೂರ ತಿರಗಲಿ, ಕೂಸಿಗೆ ಕುಲುಕಬಾರದಂತ...”

ಗಂಡ ಬಯ್ಯಲು ಬಾಯಿ ತೆರೆದವರು, ಅಪ್ಪನ ಮುಖ ನೋಡಿ ದನಿ ಇಳಿಸಿದರು. “ಯಪ್ಪಾ, ಇದು ತಿರಗಾಕಲ್ಲ, ನಿಲ್ಲಾಕ. ತಿಕ್ಕಿದ್ರ ಮಾತ್ರ ಮೋಟಾರ ನಿಲ್ತದ.”

“ತಿಕ್ಕಿದ್ರ?” ಮಾವ ತಮ್ಮ ಬೆರಳನ್ನೇ ನೋಡಿಕೊಂಡರು. ಜೀವಮಾನವೆಲ್ಲ ಅವರು ತಿಕ್ಕಾಟ ತಪ್ಪಿಸಿದವರು.

ಪಟ್ಟಿಗಳನ್ನು ಪೆಟ್ರೋಲಿನಲ್ಲಿ ತೊಳೆದರೂ ಜಿಡ್ಡು ಪೂರಾ ಬಿಡಲಿಲ್ಲ. ಕೊನೆಗೆ ಅವು ಗಾಳಿಗೆ ಆರಿದ ಮೇಲೆ ನಾನು ಅಂಗಳದ ಒಲೆಗೆ ಹಂಚು ಇಟ್ಟು, ಜಿಡ್ಡು ಹೊಗೆಯಾಗಿ ಹೋಗುವ ತನಕ ಮಗುಚಿ ಹಾಕುತ್ತ ಹುರಿದೆ. ಮಾವ ಅಲ್ಲೇ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಸೊಸೆ ಮಾವನೊಡನೆ ಎದುರಿಗೆ ನಿಂತು ಮಾತಾಡುವ ಕಾಲವಲ್ಲ ಅದು. ಹೇಳಲೇಬೇಕಾದದ್ದನ್ನು ಕರುವಿಗೋ ಕಂಬಕ್ಕೋ ಹೇಳುತ್ತಿದ್ದೆವು, ಅವರು ಕೇಳಿಸಿಕೊಳ್ಳುತ್ತಿದ್ದರು. ನಾನು ಹಂಚಿಗೆ ಹೇಳಿದೆ:

“ಹಿಂದಿನ ಸಲ ಚಕ್ಕಡೀದು ಏನೂ ತಪ್ಪಿದ್ದಿಲ್ಲ. ಹೊರಡೂ ಹಿಂದಿನ ದಿನದಿಂದನೇ ಕೂಸು ಮಿಸುಕಿದ್ದಿಲ್ಲ. ಹಡೆದಾಕಿಗೆ ಗೊತ್ತಿರತದ.”

ಮಾವ ಕಟ್ಟೆಯಿಂದ ಎದ್ದು ಕೊಟ್ಟಿಗೆಗೆ ಹೋದರು. ಮೂಗು ಒರೆಸಿಕೊಂಡದ್ದು ಹೊಗೆಗೆ ಇರಬಹುದು.

ನನ್ನ ಮಾತು ಒಣ ಎಂದು ಬಂಧುಗಳು ದೂರುತ್ತಾರೆ. ಇರಲಿ. ಮನೆಯಲ್ಲಿ ಎಲ್ಲರೂ ನುಣುಪಾಗಿಯೇ ಇದ್ದರೆ ಇಳಿಜಾರಿನಲ್ಲಿ ಹಿಡಿಯುವವರು ಯಾರು? ಹಾಗೆಂದು ಬರೀ ಒಣಗಿದವರಿಂದಲೂ ಗಾಲಿ ತಿರುಗುವುದಿಲ್ಲ. ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು ಎಂಬುದು ನನಗೆ ಈ ವಯಸ್ಸಿನಲ್ಲೂ ಪೂರಾ ತಿಳಿದಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಬಾಗಿಲಿಗೆ ಅಡ್ಡ ನಿಂತು, “ಹೋಗೇ ಬಿಡ್ತಿ ಏನ್ ಬೇ?” ಎಂದರು. “ಹೋಗ್ತೀನ್ರಿ ಅತ್ತಿ,” ಎಂದು ಕಾಲು ಮುಟ್ಟಿ, ಬಟ್ಟೆಯ ಗಂಟು ಪಕ್ಕಕ್ಕಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಮಾವ ಮನೆಯಲ್ಲಿ ಕಾಣಲಿಲ್ಲ. ಹಳ್ಳಕ್ಕೆ ಬಂದಾಗ ಕಂಡರು. ಇಳಿಜಾರಿನ ನಡುವೆ, ರುಮಾಲು ಬಿಗಿದುಕೊಂಡು, ಬೆದರಿದ ಎತ್ತನ್ನು ತಡೆಯುವವರ ಹಾಗೆ ಎರಡೂ ಕೈ ಅಗಲಿಸಿ ನಿಂತಿದ್ದರು. ಗಂಡ ಬ್ರೇಕ್ ಒತ್ತಿದರು. ಮೋಟಾರು ಕಿರ್ರೆಂದು ಚೀರಿ, ಅವರ ಮುಂದೆ ಬಂದು ನಿಂತಿತು. ಮಾವ ಅದರ ಮೂತಿಯ ಮೇಲೆ ಅಂಗೈ ಇಟ್ಟರು. ಪಕ್ಕಕ್ಕೆ ಸರಿಯಲಿಲ್ಲ.

ನಾನು ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡು, ಬಾಗಿಲು ತೆರೆದು, ಒಂದು ಬದಿಗೆ ಸರಿದು ಅವರಿಗೆ ಜಾಗ ಮಾಡಿದೆ.