ಹಿಮ್ಮಡಿ ನೋಡು ಎಂದ ಅಕ್ಕ

ಮೊನ್ನೆ ಬೆಳಿಗ್ಗೆ ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಪಕ್ಕದ ಹೆಂಗಸು ಮೊಣಕಾಲಿಗೆ ಕರ್ಪೂರದ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹದಿನಾರರ ಹುಡುಗಿಯಾಗಿ ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯ ಮೈದಾನದಲ್ಲಿದ್ದೆ. ಆಟ ಮುಗಿದ ಮೇಲೆ ನಮ್ಮ ಕಾಲುಗಳಿಗೆ ಅಂಥದೇ ಎಣ್ಣೆ ಹಚ್ಚುತ್ತಿದ್ದವರು ನಮ್ಮ ಖೋಖೋ ತಂಡದ ಕೋಚ್. ಅಕ್ಕ ಎಂದೇ ಕರೆಯುತ್ತಿದ್ದೆವು.

ಧಾರವಾಡದ ಕಡೆಯವರು. ಫೋರ್ಟ್ ಭಾಗದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಸಂಜೆ ಮನೆಗೂ ಹೋಗದೆ ಸ್ಟೇಷನ್‌ನಿಂದ ನೇರ ಮೈದಾನಕ್ಕೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುತ್ತಿದ್ದರು. ನಾವು ಹತ್ತು ಜನ: ಆಡಲು ಒಂಬತ್ತು, ಬದಲಿಗೆ ಒಬ್ಬಳೇ. ಒಬ್ಬಳಿಗೆ ಜ್ವರ ಬಂದರೂ ಎದೆ ಹೊಡೆದುಕೊಳ್ಳುವಂಥ ತಂಡ. ಪ್ರತಿ ವರ್ಷ ಪಂದ್ಯಾವಳಿಯ ಮೊದಲ ಪಂದ್ಯದಲ್ಲೇ ಸೋತು ಬರುತ್ತಿದ್ದೆವು. ಅಕ್ಕ ಬಂದ ಎರಡನೇ ವರ್ಷ ಫೈನಲ್ ಮುಟ್ಟಿದೆವು... ಹೇಗೆಂದು ನಮಗೇ ಗೊತ್ತಿರಲಿಲ್ಲ.

ಎದುರಿಗೆ ಸೋತು ಗೊತ್ತಿಲ್ಲದ ವಿಲೆ ಪಾರ್ಲೆಯ ತಂಡ, ಅವರದೇ ಮೈದಾನ. ನಾನು ಖೋ ಬೀಳುವ ಮೊದಲೇ ಎದ್ದೆ. ಕೈಗೆ ಬಂದವಳನ್ನೂ ಬಿಟ್ಟೆ. ಅರ್ಧ ಆಟಕ್ಕೆ ನಾಲ್ಕು ಅಂಕ ಹಿಂದೆ.

"ಅಕ್ಕಾ, ಇವಳನ್ನು ಕೂರಿಸಿ ನಾ, ಪ್ಲೀಸ್! ಇವಳಿಂದಲೇ ಮ್ಯಾಚ್ ಹೋಗ್ತಿದೆ," ಎಂದಳು ನಮ್ಮ ಕ್ಯಾಪ್ಟನ್. ನಾನು ಆಗಲೇ ಮೊಣಕಾಲಿನ ಪಟ್ಟಿ ಬಿಚ್ಚತೊಡಗಿದ್ದೆ.

"ಆಕೀನ ಆಡ್ತಾಳ," ಎಂದರು ಅಕ್ಕ. "ಇವತ್ತ ಆಕೀನ ಕೂಡಿಸಿದ್ರ, ನಾಳೆ ನೀವೆಲ್ಲಾರೂ ಅಂಜಿಕೋತ ಆಡ್ತೀರಿ."

ಪಟ್ಟಿಯನ್ನು ತಾವೇ ಮತ್ತೆ ಬಿಗಿದು ಕಟ್ಟುತ್ತ, ನನಗಷ್ಟೇ ಕೇಳುವಂತೆ ಹೇಳಿದರು: "ಅವರ ಉದ್ದ ಜಡಿ ಹುಡುಗಿ ಅದಾಳಲ್ಲ, ಬಲಗಾಲಿನ ಹಿಮ್ಮಡಿ ಎತ್ತಿದ್ಲಂದ್ರ ಎಡಕ್ಕ ಓಡ್ತಾಳ. ಮಾರಿ ನೋಡಬ್ಯಾಡ. ಹಿಮ್ಮಡಿ ನೋಡು."

ನಾವೆಲ್ಲ ಅಂಕಗಳ ಹಲಗೆ ನೋಡುತ್ತಿದ್ದಾಗ ಅವರು ಕಾಲುಗಳನ್ನು ನೋಡುತ್ತಿದ್ದರು!

ತಪ್ಪಿದರೂ ಹೊರಗೆ ಕೂಡಿಸುವುದಿಲ್ಲ ಎಂಬ ಆ ಒಂದು ಮಾತು ಹತ್ತೂ ಜನರ ಕಾಲಿಗೆ ಇಳಿದಿತ್ತು. ಕೊನೆಯ ನಿಮಿಷಕ್ಕೆ ಅಂಕ ಸಮ. ಬೆನ್ನಟ್ಟುವ ಸರದಿ ನಮ್ಮದು, ಅಂಕಣದಲ್ಲಿ ಆ ಜಡೆಯ ಹುಡುಗಿ. ನನ್ನ ಬೆನ್ನಿಗೆ ಖೋ ಬಿತ್ತು. ಅವಳ ಮುಖ ಬಲಕ್ಕಿತ್ತು. ಬಲ ಹಿಮ್ಮಡಿ ಮಾತ್ರ ಮೆಲ್ಲಗೆ ಮೇಲೆದ್ದಿತು. ಎಡಕ್ಕೆ ಹಾರಿ ಬಿದ್ದೆ. ಬೆರಳ ತುದಿಗೆ ಅವಳ ಭುಜ ತಗುಲಿತು. ಸೀಟಿ ಮೊಳಗಿತು. ಒಂದೇ ಒಂದು ಅಂಕದಿಂದ ಗೆದ್ದೆವು.

ಮರಳುವಾಗ ಲೋಕಲ್‌ನಲ್ಲಿ ಕೇಳಿದೆ: "ಅಕ್ಕಾ, ನೀವು ಯಾವ ಟೀಮಲ್ಲಿ ಆಡ್ತಿದ್ರಿ?"

ಅವರು ನಕ್ಕುಬಿಟ್ಟರು. "ನಾ ಎಲ್ಲಿ ಆಡೇನಿ? ಕಾಲೇಜಿನ್ಯಾಗ ಮೂರು ವರ್ಷ ಟೀಮಿನ್ಯಾಗ ಹೆಸರಿತ್ತು, ಒಂದು ದಿನಾನೂ ಒಳಗ ಇಳಿಸಲಿಲ್ಲ. ಹೊರಗ ಕೂತು ಕೂತು ಕಾಲು ನೋಡೂದು ಕಲತೆ."

ದನಿಯಲ್ಲಿ ಕಹಿಯಿರಲಿಲ್ಲ. ನಾನು ಬೆರಗಾಗಿ ಅವರನ್ನೇ ನೋಡುತ್ತ ಕೂತಿದ್ದೆ...

ನಿವೃತ್ತಿಯ ನಂತರ ಅವರು ಧಾರವಾಡಕ್ಕೆ ಹೋದರು. ಹೋದ ವರ್ಷ ತೀರಿಕೊಂಡರಂತೆ. ನನಗೆ ತಿಳಿದದ್ದು ತಿಂಗಳುಗಳ ಮೇಲೆ. ನಮ್ಮನ್ನು ಅವರು ಓಡಿಸಿದ್ದನ್ನು ಕಾಲೊನಿಯೆಲ್ಲ ನೋಡಿತು. ಅವರು ಓಡಿದ್ದನ್ನು ಯಾರೂ ನೋಡಲಿಲ್ಲ. ದಿನವೂ ಸಂಜೆ ಹತ್ತು ಜನ ಇರುತ್ತಿದ್ದೆವು. ಒಬ್ಬಳಾದರೂ ಎದ್ದು, "ಅಕ್ಕಾ, ಇವತ್ತು ನನ್ನ ಜಾಗದಲ್ಲಿ ನೀವು ಆಡಿ," ಎನ್ನಬಹುದಿತ್ತು.