ಅಪ್ಪನ ಹಣೆಯ ಮೇಲಿನ ಕಡಲು

ನಮ್ಮ ಆಳಂದದ ಮನೆಯಲ್ಲಿ ವಿಭೂತಿ ಗಟ್ಟಿಗೆ ಬಿಡುವೆಂಬುದೇ ಇರಲಿಲ್ಲ; ಬೆಳಗಾದರೆ ಸಾಕು, ಅಪ್ಪನ ಮಣೆಯ ಪಕ್ಕ ನೀರಿನ ಬಟ್ಟಲ ಬಳಿ ಬಂದು, ಒದ್ದೆ ಬೆರಳುಗಳಿಗೆ ಮೈಯೊಡ್ಡಿ ಸವೆಯುತ್ತಿತ್ತು. ಕಡಲನ್ನು ಕಣ್ಣಾರೆ ಕಂಡವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ತೊಗರಿ ಬಿತ್ತಲು ಎಲ್ಲರೂ ಮುಗಿಲು ನೋಡುವ ಊರಿನಲ್ಲಿ ಹುಟ್ಟಿದ ನಾನು, ಮಳೆಯ ಹಳೆಯ ಚರಿತ್ರೆಯನ್ನು ಕಡಲ ತಳದ ಕೆಸರಿನಲ್ಲಿ ಹುಡುಕುವ ಕೆಲಸ ಹಿಡಿದೆನೆಂದರೆ, ಗೆಳೆಯರೇ, ನೀವು ನಕ್ಕರೂ ತಪ್ಪಿಲ್ಲ. ಅಪ್ಪನಂತೂ ತೊಗರಿ ಮಾರಾಟದ ಅಡತಿ ಅಂಗಡಿಯಲ್ಲಿ ಕೂತು, "ನಮ್ಮ ಮಗಳು ರಾಡಿ ಓದಾಕತ್ತಾಳ್ರಿ" ಎಂದು ಚೇಷ್ಟೆ ಮಾಡುತ್ತಿದ್ದ.

ಎಂಬತ್ತರ ದಶಕದ ಒಂದು ಬೇಸಿಗೆ. ಅರಬ್ಬೀ ಸಮುದ್ರದ ಆಳದಿಂದ ಹಡಗು ಎತ್ತಿ ತಂದ ಕೆಸರಿನ ಒಣ ತುಂಡೊಂದನ್ನು ಪರೀಕ್ಷೆಗೆಂದು ಹೈದರಾಬಾದಿಗೆ ಒಯ್ಯುತ್ತ, ದಾರಿಯಲ್ಲಿ ಮನೆಗೆ ಬಂದು ಉಳಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪುಗಳು ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದ ಬಿಳಿ ಗಟ್ಟಿ ಅದು. ಅಂದಿನ ಕಡಲು ಎಷ್ಟು ಬೆಚ್ಚಗಿತ್ತು, ಮಳೆಗಾಳಿ ಎಷ್ಟು ಜೋರಿತ್ತು ಎಂಬುದರ ಸುಳಿವು ಆ ಚಿಪ್ಪುಗಳಲ್ಲೇ ಇರುತ್ತದೆ. ಆ ಪದರದ ತುಂಡು ಅದೊಂದೇ ಉಳಿದಿತ್ತು. ಅದಕ್ಕೆ ನೀರು, ಬೂದಿ ಬೆರೆತರೆ ನನ್ನ ವರ್ಷಗಳ ದುಡಿಮೆ ಮಣ್ಣುಪಾಲಾಗುತ್ತಿತ್ತು.

ಬೆಳಿಗ್ಗೆ ನೋಡಿದರೆ ಚೀಲದಲ್ಲಿ ಆ ತುಂಡಿಟ್ಟಿದ್ದ ಡಬ್ಬಿ ಇಲ್ಲ.

"ಹಾದ್ಯಾಗ ಯಾವುದೋ ಮಠದ ವಿಭೂತಿ ತಂದೀ ಅಂತ ತಿಳದು ನಿಮ್ಮಪ್ಪಗ ಕೊಟ್ಟೇನಿ ಬೇ" ಎಂದಳು ಅವ್ವ, ಸಂಭ್ರಮದಿಂದ.

ಓಡಿದೆ. ಅಪ್ಪನ ಹಣೆಯ ಮೇಲೆ ಮೂರು ಗೆರೆ ಆಗಲೇ ಎದ್ದಿದ್ದವು. ಇನ್ನು ಕೊರಳು, ತೋಳು, ಎದೆ. ವಿಭೂತಿಯಲ್ಲೂ ಭೂತವಿದೆ, ನಾನು ಓದುವ ಕಾಲಕ್ಕೂ ಭೂತವೆಂದೇ ಹೆಸರು. ಆದರೆ ಪದಗಳ ಜೊತೆ ಆಡುವ ಹೊತ್ತು ಅದಾಗಿರಲಿಲ್ಲ. ಸುಮ್ಮನಿದ್ದರೆ ತುಂಡು ಕರಗುತ್ತದೆ. ಬಾಯಿ ಬಿಟ್ಟರೆ, ಮೊಟ್ಟೆಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಈ ಮನುಷ್ಯನಿಗೆ, ಪೂಜೆಯ ಮಣೆಯ ಮೇಲೆ, ಹಣೆಗೆ ಹಚ್ಚಿಕೊಂಡದ್ದು ಸತ್ತ ಜೀವಗಳೆಂದು ಹೇಳಬೇಕು. ಅಪ್ಪನ ಬೆರಳು ಮತ್ತೆ ನೀರಿಗಿಳಿಯಿತು.

"ಮುಟ್ಟಬ್ಯಾಡ್ರಿ ಅಪ್ಪಾ! ವಿಭೂತಿ ಅಲ್ಲದು, ಸಮುದ್ರದಾಗ ಸತ್ತ ಹುಳದ ಚಿಪ್ಪು!"

"ಶಿವಶಿವಾ!" ಎಂದಳು ಅವ್ವ.

ಅಪ್ಪ ನನ್ನತ್ತ ನೋಡದೆ ಎದ್ದು ಬಚ್ಚಲಿಗೆ ಹೋಗಿ ಮತ್ತೆ ತಲೆಯ ಮೇಲೆ ನೀರು ಸುರಿದುಕೊಂಡು ಬಂದು, ಮನೆಯ ವಿಭೂತಿ ಹಚ್ಚಿ, ಪೂಜೆಯನ್ನು ಮೊದಲಿನಿಂದ ಶುರು ಮಾಡಿದ. ನಾನು ಆಚೆ ಕೂತು, ತುಂಡಿನ ಒದ್ದೆಯಾದ ಮಗ್ಗುಲನ್ನು ಚಾಕುವಿನಿಂದ ಹೆರೆಯುತ್ತಿದ್ದೆ. ಕಡಲು ಹೋಯಿತೆಂದು ಅಳಬೇಕೋ, ಅಪ್ಪನ ಪೂಜೆ ಕೆಡಿಸಿದೆನೆಂದು ಅಳಬೇಕೋ ತಿಳಿಯಲಿಲ್ಲ.

ಪೂಜೆ ಮುಗಿಸಿ ಬಂದವನು ಬಾಗಿಲಲ್ಲೇ ನಿಂತ. "ಏನರೆ ಉಳದದೇನು?"

"ಒಳಗ ಒಣಗೇ ಅದರಿ. ನಡುವಿಂದು ಉಳೀಬಹುದು."

"ಮತ್ತ ಕುಂತೀ ಯಾಕ? ಬಸ್ಸು ತಪ್ಪತದ, ನಡಿ."

ಹಾಗೆಂದು ಡಬ್ಬಿಯನ್ನು ನನ್ನ ಕೈಯಿಂದ ತಾನೇ ಎತ್ತಿಕೊಂಡ. ಮಿಂದ ತಲೆಗೂದಲು ಇನ್ನೂ ಆರಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಅದನ್ನು ಎದೆಗವಚಿಕೊಂಡೇ ನಡೆದ. ಗಂಟುಮೂಟೆಗಳನ್ನು ಮೇಲೆ ಎಸೆಯುತ್ತಿದ್ದ ಕಂಡಕ್ಟರ್ ಇದಕ್ಕೂ ಕೈ ಚಾಚಿದಾಗ ಅಪ್ಪ ಹಿಂದೆ ಸರಿದ.

"ಇದನ್ನ ಒಗೀಬ್ಯಾಡ್ರಿ. ನನ್ನ ಮಗಳ ಸಮುದ್ರ ಅದ."