ಅತ್ತೆ ಸೆಟ್ಟು ಹಾಕಿಕೊಂಡರೆ

ನಮ್ಮ ಅತ್ತೆಗೆ ಕಾದಂಬರಿಯೊಳಗಿನ ಹೆಂಗಸರ ಮೇಲೆ ಇದ್ದಷ್ಟು ಕಾಳಜಿ ಮನೆಯೊಳಗೆ ಓಡಾಡುವ ಹೆಂಗಸಿನ ಮೇಲೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವರನ್ನು ಹೊಗಳುವುದೂ ಇದೆ, ಆಗ ನನ್ನ ಸಿಟ್ಟು ಇಳಿದುಹೋಯಿತು ಎಂದು ಯಾರೂ ತಿಳಿಯಬಾರದು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದೂರದೂರಿಗೆ ಮಾತಾಡಬೇಕಾದರೆ ಕಾಲ್ ಬುಕ್ ಮಾಡಿ ಕಾಯಬೇಕಾಗಿದ್ದ ಕಾಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ಲೈನ್ ಸಿಕ್ಕಿದೆ, ಮಾತಾಡಿ" ಎಂದು ಈ ಕಡೆಯವರನ್ನೂ ಆ ಕಡೆಯವರನ್ನೂ ಸೇರಿಸುವುದು ಇವರ ಕೆಲಸ. ಲೈನ್ ಸರಿಯಾಗಿದೆಯೋ ಇಲ್ಲವೋ ನೋಡಲು ಆಗಾಗ ಕಿವಿ ಕೊಡಬೇಕು. ಆದರೆ ಏನು ಕೇಳಿಸಿದರೂ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಕೆಲಸ ಹೋಯಿತು. ಯಾವನೋ ಒಬ್ಬ ವಾರವಾರವೂ ಕಾಲ್ ಬುಕ್ ಮಾಡಿ ತವರಿನಲ್ಲಿದ್ದ ಹೆಂಡತಿಯನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದನಂತೆ. ಅವಳು ಆ ಕಡೆ ಬರೀ "ಹೂಂ, ಹೂಂ" ಎನ್ನುತ್ತಿದ್ದಳಂತೆ. "ಅವಳ ಬದಲು ನಾನು ಉತ್ತರ ಕೊಟ್ಟುಬಿಡೋಣ ಅಂತ ನಾಲಿಗೆ ತುದಿಗೆ ಬರ್ತಿತ್ತು ಕಣೇ. ನುಂಗಿಕೊಂಡೆ" ಎಂದು ಎಷ್ಟೋ ಸಲ ಹೇಳಿದ್ದಾರೆ. ನುಂಗಿ ನುಂಗಿ ಅದೇ ಅಭ್ಯಾಸವಾಯಿತು. ಎಕ್ಸ್‌ಚೇಂಜ್ ಮುಚ್ಚಿ, ನಿವೃತ್ತರಾಗಿ, ಮಗನಿಗೆ ಮದುವೆ ಮಾಡಿದ ಮೇಲೂ ಮನೆಯಲ್ಲಿ ಅವರದು ಅದೇ ಕಾನೂನು. ನಾನೂ ಗಂಡನೂ ಜಗಳವಾಡಿದರೆ ಎದ್ದು ರೂಮಿಗೆ ಹೋಗುತ್ತಿದ್ದರು. "ನಿಮ್ಮಿಬ್ಬರ ಲೈನಲ್ಲಿ ನಾನು ಬಾಯಿ ಹಾಕಲ್ಲಪ್ಪ" ಎನ್ನುತ್ತಿದ್ದರು. ಮೊದಮೊದಲು ಎಂಥ ಒಳ್ಳೆಯ ಅತ್ತೆ ಸಿಕ್ಕಿದರು ಎಂದು ನಾನು ಬೀಗುತ್ತಿದ್ದೆ. ನನ್ನ ಬುದ್ಧಿಗಿಷ್ಟು!

ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಸಣ್ಣ ಅಕ್ಷರ ಓದಿದರೆ ನೀರು ಸುರಿಯತೊಡಗಿತು. ನನ್ನ ಹಳೆಯ ಫೋನಿನಲ್ಲಿ ಆಡಿಯೋ ಪುಸ್ತಕಗಳನ್ನು ಹಾಕಿಕೊಟ್ಟವಳು ನಾನೇ. ಮಾರಿಯನ್ನು ಕರೆದು ಮನೆಯೊಳಗೆ ಕೂರಿಸಿಕೊಂಡೆ. ಬೆಳಿಗ್ಗೆ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡರೆ ಸಂಜೆಯವರೆಗೂ ಅದೇ. ಕೇಳುವಾಗ ಹಲ್ಲಿನ ಸೆಟ್ಟು ತೆಗೆದು ಗಾಜಿನ ಬಟ್ಟಲಿನ ನೀರಿನಲ್ಲಿ ಹಾಕಿಡುತ್ತಿದ್ದರು, ಕೇಳುವುದಕ್ಕೆ ಹಲ್ಲು ಯಾಕೆ ಬೇಕು? ಪುಸ್ತಕ ಮುಗಿದ ಕೂಡಲೇ ಸೆಟ್ಟು ತೊಳೆದು ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅತ್ತೆ ಸೆಟ್ಟು ಹಾಕಿಕೊಂಡರೆ ಯಾವನೋ ಕಾದಂಬರಿಕಾರನ ಗ್ರಹಚಾರ ಕೆಟ್ಟಿತು ಎಂದೇ ಲೆಕ್ಕ.

ಪುಸ್ತಕದ ಹೆಸರು ನೆನಪಿಟ್ಟುಕೊಳ್ಳುವವರಲ್ಲ, ಅವರೇ ಹೆಸರಿಡುತ್ತಿದ್ದರು. 'ದೀಪದವಳು' ಎಂದರೆ ಹಡಗಿನಲ್ಲಿ ಹೋದ ಗಂಡನಿಗಾಗಿ ಕಿಟಕಿಯಲ್ಲಿ ದೀಪ ಹಚ್ಚಿಟ್ಟು ಕಾಯುವವಳ ಕಥೆ. "ಅಲ್ಲಾ, ಹೋದವನು ಸುಖವಾಗಿದ್ದಾನೆ. ಇವಳು ದೀಪ ಹಚ್ಚೋದು, ಆರಿಸೋದು. ಬೇರೆ ಕೆಲಸ ಇಲ್ವಾ ಇವಳಿಗೆ? ಕೊನೆಗೆ ಅವನು ಬಂದ ಅಂತ ಅಳ್ತಾಳೆ! ಕಪಾಳಕ್ಕೆ ಎರಡು ಬಿಡೋದು ಬಿಟ್ಟು!" ಎಂದು ಒಲೆಯ ಮುಂದೆ ನಿಂತಿದ್ದ ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು, ದೀಪ ಹಚ್ಚಿದವಳು ನಾನೇ ಎನ್ನುವ ಹಾಗೆ. 'ಜ್ವರದ ಪುಸ್ತಕ'ದಲ್ಲಿ ಮೂವರು ಅಕ್ಕತಂಗಿಯರು. ನಡುವಿನವಳು ಮದುವೆ ಬೇಡ ಎಂದು ಹಟ ಹಿಡಿಯುತ್ತಾಳೆ, ಮುಂದಿನ ಅಧ್ಯಾಯದಲ್ಲಿ ಜ್ವರ ಬಂದು ಸಾಯುತ್ತಾಳೆ. "ಬೇಡ ಅಂದವಳನ್ನ ಏನು ಮಾಡಬೇಕು ಅಂತ ಅವನಿಗೆ ಗೊತ್ತಾಗಿಲ್ಲ. ಕೈಲಾಗದವನು, ಜ್ವರ ಬರಿಸಿಬಿಟ್ಟ."

ಪುಸ್ತಕಕ್ಕೆ ದನಿ ಕೊಟ್ಟು ಓದುವವರನ್ನೂ ಬಿಡುತ್ತಿರಲಿಲ್ಲ. ಹೆಂಗಸರ ಮಾತು ಬಂದಾಗಲೆಲ್ಲ ದನಿ ಸಣ್ಣ ಮಾಡಿಕೊಂಡು ಓದುವ ಒಬ್ಬನಿದ್ದ. "ಅಷ್ಟು ವರ್ಷ ಊರವರ ಮಾತೆಲ್ಲ ಈ ಕಿವಿಗೆ ಬಿದ್ದಿದೆ. ಒಬ್ಬಳೂ ಹೀಗೆ ಇಲಿ ಥರ ಕಿಚಕಿಚ ಅನ್ನಲಿಲ್ಲ. ಯಾರ ಮನೆ ಹೆಂಗಸರನ್ನ ನೋಡಿ ಕಲಿತನೋ!" ತಾಯಿ ಸಾಯುವ ಅಧ್ಯಾಯಕ್ಕೆ ಹಿಂದೆ ಪಿಟೀಲು ಹಾಕಿದ್ದವರಿಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯಲಾರೆ. ಮನೆ ಮಾರಿ ಈಜು ಕಲಿಯಲು ಹೋಗುವ ಮುದುಕಿಯ ಕಥೆಯನ್ನು ಮಾತ್ರ ಎರಡು ಸಲ ಕೇಳಿ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಆ ಬಾಯಿಯ ಸೆಟ್ಟು ಮಾಡಿದವಳು ನಾನು. ಹಲ್ಲಿನ ಡಾಕ್ಟರುಗಳು ಅಳತೆ ಕಳಿಸಿದರೆ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ನನ್ನ ಕೆಲಸ. ಪ್ಲಾಸ್ಟರಿನ ಅಚ್ಚಿನ ಮೇಲೆ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಕಾಣದ ಮುಖಕ್ಕೆ ಒಪ್ಪುವ ನಗು ಜೋಡಿಸಬೇಕು. ಯಜಮಾನರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ, ನಮಗೆಲ್ಲ ಕೆಲಸ ಕಲಿಸಿದವರು. ಅವರಿಗೆ ಕೈ ನಡುಗಲು ಶುರುವಾಗಿತ್ತು. ಒಂದು ದಿನ ಕರೆದು, "ಸೆಟ್ಟಿನ ವಿಭಾಗ ಪೂರ್ತಿ ನೀನು ನೋಡ್ಕೊಳ್ಳಮ್ಮ. ಇನ್ನು ನನ್ನ ಕೈಲಾಗಲ್ಲ. ಯೋಚನೆ ಮಾಡಿ ಸೋಮವಾರ ಹೇಳು" ಎಂದರು. ಆ ದಿನ ನಾನು ಮನೆಗೆ ನಡೆದುಕೊಂಡು ಬಂದೆನೋ ಹಾರಿಕೊಂಡು ಬಂದೆನೋ ಗೊತ್ತಿಲ್ಲ.

ಗಂಡ ಸುದ್ದಿ ಕೇಳಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಔಷಧಿ ಅಂಗಡಿ ಇಟ್ಟವನು, ಎಲ್ಲದಕ್ಕೂ ಅವನ ಹತ್ತಿರ ಒಂದು ಗುಳಿಗೆ ಇರುತ್ತದೆ. "ಅಮ್ಮನ ಮಂಡಿ ಆಪರೇಷನ್ ಆಗಬೇಕು. ಆಮೇಲೆ ನೋಡ್ಕೊಳ್ಳೋರು ಯಾರು? ನೀನು ಕೆಲಸಾನೇ ಬಿಟ್ಟರೆ ಒಳ್ಳೇದು" ಎಂದ. ನರ್ಸಮ್ಮನನ್ನು ಇಡೋಣ ಎಂದೆ. ರಜೆ ಹಾಕುತ್ತೇನೆ ಎಂದೆ. "ಅಮ್ಮನಿಗಿಂತ ಯಾರದೋ ಹಲ್ಲು ಹೆಚ್ಚಾ ನಿನಗೆ?" ಎಂದುಬಿಟ್ಟ. ಅದಕ್ಕೆ ನಾನು ಏನು ಹೇಳಿದರೂ ಕೆಟ್ಟವಳೇ. ಉತ್ತರ ಹೇಳಬಹುದಾಗಿದ್ದವರು ಒಬ್ಬರೇ, ಅವರು ಪಕ್ಕದಲ್ಲೇ ಕೂತಿದ್ದರು. ನಾನು ಅವರ ಮುಖ ನೋಡಿದೆ. ಅವರು ಎದ್ದು ರೂಮಿಗೆ ಹೋಗಿ ಕಿವಿಗೆ ಸಿಕ್ಕಿಸಿಕೊಂಡರು.

ಶನಿವಾರ ಮಧ್ಯಾಹ್ನ ಮೇಣ ಕಾಯಿಸುತ್ತ ಕೂತಿದ್ದಾಗ ಮೇಷ್ಟ್ರು ನನ್ನ ಮೇಜಿನ ಹತ್ತಿರ ಬಂದರು. "ನಿಮ್ಮ ಮನೆಯವರು ಫೋನ್ ಮಾಡಿದ್ರು. ನೀನು ಕೆಲಸ ಬಿಡ್ತೀಯಂತೆ. ನನಗೆ ನೀನೇ ಹೇಳಬಹುದಿತ್ತಲ್ಲಮ್ಮ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದೇ ನನ್ನನ್ನು ಸುಟ್ಟಿತು. ಮನೆಯ ರಂಪವನ್ನು ಎಲ್ಲರ ಮುಂದೆ ಬಿಚ್ಚಿಡಲಾರದೆ ಬಾಯಿ ಮುಚ್ಚಿಕೊಂಡು ನಿಂತೆ. ಕೈಲಿದ್ದ ಸ್ಪಿರಿಟ್ ದೀಪದ ಉರಿ ಅಚ್ಚಿಗೆ ತಾಗಿ, ಮೇಣ ಕರಗಿ, ಕೂರಿಸಿದ್ದ ಮುಂದಿನ ಹಲ್ಲುಗಳೆಲ್ಲ ಜಾರಿ ಮೇಜಿನ ಮೇಲೆ ಬಿದ್ದವು.

ಮನೆಗೆ ಬಂದಾಗ ಗಂಡ ಇನ್ನೂ ಅಂಗಡಿಯಲ್ಲಿದ್ದ. ಅತ್ತೆ ಸೆಟ್ಟು ಹಾಕಿಕೊಂಡು ಕಾಯುತ್ತಿದ್ದರು. ಹೊಸ ಕಾದಂಬರಿ ಮುಗಿದಿತ್ತು. ಅದರಲ್ಲಿ ಒಬ್ಬಳು ತನ್ನ ಹೊಲಿಗೆ ಅಂಗಡಿಯ ಕೀಲಿಕೈಯನ್ನು ಅಣ್ಣ ಕೇಳಿದ ಎಂದು ತೆಗೆದು ಕೊಟ್ಟುಬಿಡುತ್ತಾಳಂತೆ. "ಕೊಟ್ಟುಬಿಟ್ಟಳು ಕಣೇ! ಕೇಳಿದ, ಕೊಟ್ಟಳು! ಇಂಥವರಿಗೆ..."

ನನ್ನ ತಲೆ ಕೆಟ್ಟಿತು. ಚೀಲವನ್ನು ಕುರ್ಚಿಯ ಮೇಲೆ ಎಸೆದೆ.

"ನಾನೂ ಒಂದು ಪುಸ್ತಕ ಮುಗಿಸಿದೆ ಅತ್ತೆ. ಹೇಳ್ತೀನಿ ಕೇಳಿ. ಒಬ್ಬಳು ಹೆಂಗಸು, ವರ್ಷಗಟ್ಟಲೆ ದುಡಿದು ಕೆಲಸ ಕಲಿತಿದ್ದಾಳೆ. ಇನ್ನೇನು ಮೇಲೆ ಬರಬೇಕು, ಗಂಡ ಹೋಗಿ ಅವಳಿಗೆ ಹೇಳದೆ ಕೇಳದೆ ಕೆಲಸ ಬಿಡಿಸಿ ಬರ್ತಾನೆ. ಯಾಕೆ ಅಂದರೆ ತಾಯಿಯ ಹೆಸರು ಹೇಳ್ತಾನೆ."

"ಥೂ! ಆ ತಾಯಿ ಎಲ್ಲಿ ಹಾಳಾಗಿದ್ದಳು?"

"ಅಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಳು. ಸುಮ್ಮನಿದ್ದಳು."

"ಸುಮ್ಮನಿದ್ದಳಾ? ಏನಾಗಿತ್ತು ಆ ಮುದುಕಿಗೆ? ಬಾಯಿ ಬಿದ್ದುಹೋಗಿತ್ತಾ?"

"ಬಾಯಿ ಚೆನ್ನಾಗೇ ಇದೆ ಅತ್ತೆ. ಸೆಟ್ಟು ನಾನೇ ಮಾಡಿಕೊಟ್ಟಿದ್ದು."

ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ನಾನು ನಿಲ್ಲಿಸಲಿಲ್ಲ, ಯಾಕೆ ನಿಲ್ಲಿಸಲಿ? "ದೀಪ ಹಚ್ಚಿದವಳಿಗೆ ಬೈದ್ರಿ, ಕೀಲಿಕೈ ಕೊಟ್ಟವಳಿಗೆ ಬೈದ್ರಿ. ಅವರಿಗೆಲ್ಲ ನಿಮ್ಮ ಮಾತು ಕೇಳಿಸಲ್ಲ. ನನಗೆ ಕಿವಿ ಇದೆ. ಈ ಮನೆಗೆ ಬಂದಾಗಿಂದ ಕಾಯ್ತಾ ಇದ್ದೀನಿ, ನನ್ನ ಪರವಾಗಿ ಒಂದು ಮಾತು ಬರುತ್ತೆ ಅಂತ. ಇಲ್ಲಿ ಯಾವ ಕೆಲಸ ಹೋಗುತ್ತೆ ನಿಮ್ಮದು, ಬಾಯಿ ಬಿಟ್ಟರೆ? ಹೋಗಿದ್ದು ನನ್ನದು!"

ಅತ್ತೆಯ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡೆ, ಬೈದರೂ ಪರವಾಗಿಲ್ಲ ಎನ್ನಿಸಿತು. ಅವರು ರೂಮಿಗೆ ಹೋದರು. ಸೆಟ್ಟು ಬಟ್ಟಲಿಗೆ ಬಿದ್ದ ಸದ್ದು ಕೇಳಿಸಿತು. ಅಷ್ಟೇ, ಮುಗಿಯಿತು ಎಂದುಕೊಂಡು ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಸಂಜೆ ಗಂಡ ಬಂದ. ಫೋನ್ ಮಾಡಿದೆಯಾ ಎಂದು ಕೇಳಿದೆ. "ಹೂಂ. ನೀನು ಹೇಳೋಕೆ ಸಂಕೋಚಪಡ್ತೀಯ ಅಂತ ನಾನೇ ಹೇಳಿದೆ" ಎಂದ, ಉಪಕಾರ ಮಾಡಿದವನ ಹಾಗೆ. ಅತ್ತೆ ಬರಿಬಾಯಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. "ಅಮ್ಮನಿಗೂ ಇದೇ ಇಷ್ಟ. ಅಲ್ವೇನಮ್ಮ?" ಎಂದ.

ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ರೂಮಿಗೆ ಹೋದರು. "ನೋಡು, ನಿನ್ನ ಜಗಳ ಕೇಳಕ್ಕಾಗದೆ ಎದ್ದು ಹೋದಳು" ಎಂದು ಗಂಡ ನನ್ನನ್ನೇ ಅಂದ. ಒಳಗೆ ನಲ್ಲಿ ಬಿಟ್ಟ ಸದ್ದಾಯಿತು. ಏನೋ ತೊಳೆಯುತ್ತಿದ್ದರು.

ಬಂದು ಮಗನ ಎದುರಿಗೆ ನಿಂತರು. ಬಾಯಲ್ಲಿ ಸೆಟ್ಟಿತ್ತು.

"ಒಂದು ಪುಸ್ತಕ ಮುಗೀತು. ಅಭಿಪ್ರಾಯ ಹೇಳಬೇಕು, ಕೂತ್ಕೋ."

"ಈಗ ಯಾವ ಪುಸ್ತಕಾನಮ್ಮ?"

"ಈ ಮನೆದೇ. ಅದರಲ್ಲಿ ಒಬ್ಬ ಮಗ ಬರ್ತಾನೆ. ಹೆಂಡತಿ ಮೇಲಕ್ಕೆ ಬರೋದು ಅವನಿಗೆ ತಡೆಯಕ್ಕಾಗಲ್ಲ. ಅದನ್ನ ಹೇಳೋ ಧೈರ್ಯ ಇಲ್ಲ. ಅದಕ್ಕೆ ತಾಯಿಯ ಮಂಡಿ ಅಡ್ಡ ಇಟ್ಕೊಂಡಿದ್ದಾನೆ. ನನ್ನ ಮಂಡಿ ನಿನ್ನ ಹತ್ತಿರ ಯಾವಾಗಲಾದ್ರೂ ಏನಾದ್ರೂ ಹೇಳಿತ್ತೇನೋ? ನಾನು ಹೇಳಿದ್ನಾ, ಇವಳು ಮನೇಲಿ ಕೂರಲಿ ಅಂತ?"

"ಅಮ್ಮ, ನೀನು ನಡುವೆ..."

"ನಡುವೆ ಬಾಯಿ ಹಾಕ್ತೀನಿ! ಇಷ್ಟು ವರ್ಷ ಹಾಕಲಿಲ್ಲ. ಅದರಲ್ಲಿ ಒಬ್ಬ ಮುದುಕಿ ಇದ್ದಾಳಲ್ಲ, ಅವಳು ನಿನಗಿಂತ ಕೆಟ್ಟೋಳು. ಫೋನ್ ತೆಗಿ. ಮೇಷ್ಟ್ರಿಗೆ ಹಚ್ಚು. ನಾನು ಹೇಳಿದ್ದು ಸುಳ್ಳು, ಅವಳ ಮಾತು ಅವಳೇ ಹೇಳ್ತಾಳೆ ಅನ್ನು."

ಗಂಡ ಮುಖ ಊದಿಸಿಕೊಂಡ, ಗೊಣಗಿದ, ನನ್ನ ಕಡೆ ಸಿಡಿಮಿಡಿಯಿಂದ ನೋಡಿದ. ಅತ್ತೆ ಕದಲಲಿಲ್ಲ. ಕೊನೆಗೆ ಫೋನ್ ಹಚ್ಚಿ ಹೇಳಬೇಕಾದ್ದನ್ನು ಅರ್ಧ ನುಂಗಿ ಅರ್ಧ ಹೇಳಿದ. ಅತ್ತೆ ಅವನ ಕೈಯಿಂದ ಫೋನ್ ಕಿತ್ತುಕೊಂಡು, ಕಿವಿಗಿಟ್ಟು, ಆ ಕಡೆ ದನಿ ಇದೆಯೇ ಎಂದು ನೋಡಿ, ನನಗೆ ಚಾಚಿದರು.

"ಲೈನ್ ಸಿಕ್ಕಿದೆ, ಮಾತಾಡಿ."

ನನಗೆ ಅವರು ಎಂದೂ ಬಹುವಚನ ಬಳಸಿದವರಲ್ಲ. ಫೋನ್ ಕಿವಿಗಿಟ್ಟುಕೊಂಡೆ. ಹೇಳಿದೆ, ವಿಭಾಗ ನಾನೇ ನೋಡಿಕೊಳ್ಳುತ್ತೇನೆ ಮೇಷ್ಟ್ರೇ ಎಂದು. ನಾನು ಮಾತಾಡುವಷ್ಟು ಹೊತ್ತೂ ಅತ್ತೆ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು.

ಗಂಡ ಬಾಗಿಲು ಬಡಿದುಕೊಂಡು ಆಚೆ ಹೋದ. ಹೋಗಲಿ. ಇಷ್ಟು ತಡವಾಗಿ ಬಂದ ಮಾತಿಗೆ ನಾನು ಕೈಮುಗಿಯಲೂ ಇಲ್ಲ, ಅಳಲೂ ಇಲ್ಲ. ಈ ಮಾತು ಮೊದಲ ವರ್ಷವೇ ಬಂದಿದ್ದರೆ ಎಷ್ಟು ದಿನದ ಸಂಕಟ ತಪ್ಪುತ್ತಿತ್ತು ಎಂದು ಹೊಟ್ಟೆ ಉರಿಯುತ್ತಲೇ ಇತ್ತು.

ಅತ್ತೆ ಕೆಳಗಿನ ಸೆಟ್ಟು ತೆಗೆದು, ಬೆರಳಿನಿಂದ ಒಸಡು ಮುಟ್ಟಿ ನೋಡಿಕೊಂಡರು.

"ಬಲಗಡೆ ಒತ್ತುತ್ತೆ ಕಣೇ. ಇನ್ನು ಮೇಲೆ ಮಾತು ಜಾಸ್ತಿ ಇರುತ್ತೆ. ಸೋಮವಾರ ಕೆಲಸಕ್ಕೆ ಹೋಗ್ತೀಯಲ್ಲ, ತಗೊಂಡು ಹೋಗಿ ಉಜ್ಜಿ ಸರಿ ಮಾಡ್ಕೊಂಡು ಬಾ."